ಬಸವ: ಒಂದು ಹೆಸರಿನ ಹಿಂದುಮುಂದು

ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಬಾರದೆಂದು ಹಿರಿಯರ ಮಾತು. ಆದರೆ ಹೊರನಾಡಿನಲ್ಲಿ ನೆಲಸಿದ ನಮ್ಮ ಮನೆಗಳಲ್ಲಿ ಕೂಸು ಹುಟ್ಟುವ ಎಷ್ಟೋ ತಿಂಗಳ ಮೊದಲೇ ಹೆಸರಿನ ಚರ್ಚೆ ಹತ್ತಿಕೊಂಡುಬಿಡುತ್ತದೆ. ಹೆಸರು ಚಿಕ್ಕದಾಗಿರಬೇಕು, ಮರಾಠಿ ಬಾಯಿಗೂ ಗುಜರಾತಿ ಬಾಯಿಗೂ ಸಲೀಸಾಗಿ ಹೊರಳಬೇಕು, ಶಾಲೆಯಲ್ಲಿ ಹಾಜರಿ ಕರೆಯುವ ಬಾಯಿ ತಡವರಿಸಬಾರದು, ಕೇಳಿದವರು ‘ಇದು ಯಾವ ಕಡೆಯ ಹೆಸರು?’ ಎಂದು ಹುಬ್ಬೇರಿಸಬಾರದು. ಇಷ್ಟೆಲ್ಲ ಕಟ್ಟಳೆಗಳನ್ನು ಹಾಕಿಕೊಂಡು ಕೂತವರ ಮುಂದೆ ಊರಿನಿಂದ ಅಜ್ಜಿಯೊಬ್ಬರು ‘ಗಂಡಾದರೆ ಬಸವರಾಜ ಅಂತ ಇಡ್ರಿ, ಮನೆತನದ ಹೆಸರು’ ಎಂದರೆ ಮನೆಯಲ್ಲಿ ಒಂದು ಕ್ಷಣ ಮೌನ ಕವಿಯುತ್ತದೆ. ಬೇಡವೆನ್ನಲು ಮನಸ್ಸಿಲ್ಲ; ಹೂಂ ಎನ್ನಲು ಧೈರ್ಯವಿಲ್ಲ.

ಈ ಹೆಸರಿನ ಪೂರ್ವಾಪರವನ್ನು ವಾಚಕರ ಮುಂದಿಡುವುದಷ್ಟೇ ನಮ್ಮ ಉದ್ದೇಶ. ಇಡಬೇಕೋ ಬಿಡಬೇಕೋ ಎಂಬುದು ಆಯಾ ಮನೆಯವರಿಗೆ ಸೇರಿದ್ದು. ಆದರೆ ಬಿಡುವುದೇ ಆದರೆ, ಏನನ್ನು ಬಿಡುತ್ತಿದ್ದೇವೆಂದು ತಿಳಿದು ಬಿಡುವುದು ಮೇಲು.

‘ಬಸವ’ ಎಂದರೆ ಎತ್ತು, ಗೂಳಿ. ಸಂಸ್ಕೃತದ ‘ವೃಷಭ’ವೇ ಇದರ ಮೂಲ. ಮಳೆಗರೆಯುವುದು, ಸುರಿಸುವುದು ಎಂಬ ಅರ್ಥದ ‘ವೃಷ್’ ಧಾತುವಿನಿಂದ ಅದು ಬಂದಿತೆಂದು ಹೇಳುತ್ತಾರೆ. ಹಾಗೆ ನೋಡಿದರೆ ‘ವೃಷ್ಟಿ’, ‘ವರ್ಷ’ಗಳೆಲ್ಲ ಇದರ ಒಡಹುಟ್ಟುಗಳು. ಆದರೆ ವೃಷಭವು ಕನ್ನಡಕ್ಕೆ ನೇರವಾಗಿ ಪುಸ್ತಕದಿಂದ ಇಳಿದು ಬರಲಿಲ್ಲ. ಪ್ರಾಕೃತದಲ್ಲಿ ಅದು ‘ವಸಹ’ ಆಯಿತು. ನಮ್ಮಲ್ಲಿ ‘ಬಸಹ’, ಕೊನೆಗೆ ‘ಬಸವ’ ಆಗಿ ನಿಂತಿತು. ಪದದ ಮೊದಲಿನ ‘ವ’ಕಾರವನ್ನು ‘ಬ’ಕಾರ ಮಾಡಿಕೊಳ್ಳುವುದು ಕನ್ನಡದ ಹಳೆಯ ಚಾಳಿ. ವರ್ಣವನ್ನು ಬಣ್ಣ ಎಂದವರು ನಾವು, ವಿಜ್ಞಾಪನೆಯನ್ನು ಬಿನ್ನಹ ಎಂದವರು, ವ್ಯವಸಾಯವನ್ನು ಬೇಸಾಯ ಎಂದವರು. 13ನೆಯ ಶತಮಾನದ ವೈಯಾಕರಣ ಕೇಶಿರಾಜ ಇಂಥ ಮಾರ್ಪಾಡುಗಳಿಗೆಂದೇ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶವೆಂಬ ಪ್ರಕರಣವನ್ನು ಬರೆದ. ಪ್ರಸಂಗವಶಾತ್ ಒಂದು ಮಾತು: ಬಸವನಿಗೂ ಬಸದಿಗೂ ನಂಟು ಹಚ್ಚುವವರಿದ್ದಾರೆ. ಅದು ಸರಿಯಲ್ಲ. ಬಸದಿ ‘ವಸತಿ’ಯಿಂದ ಬಂದದ್ದು, ಇವೆರಡಕ್ಕೂ ‘ಬ’ಕಾರ ಬಂದ ದಾರಿ ಒಂದೇ, ಹೊರಟ ಊರು ಬೇರೆ.

ಒಕ್ಕಲುತನದ ನಾಡಿನಲ್ಲಿ ಈ ಮಾತು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಊರಿನಿಂದ ದೂರವಿರುವ ನಾವು ಮರೆಯುವುದುಂಟು. ಶಿವನ ಗುಡಿಯ ಮುಂದೆ ಕೂತಿರುವ ನಂದಿಗೆ ಶಾಸ್ತ್ರದ ಹೆಸರು ನಂದಿಕೇಶ್ವರ. ಜನರ ಬಾಯಲ್ಲಿ ಅವನು ಬಸವಣ್ಣ. ಹರಕೆ ಹೊತ್ತು ಊರಿಗೆ ಬಿಟ್ಟ ಗೂಳಿ ದೇವರ ಬಸವ. ಅದು ಯಾರ ಹೊಲಕ್ಕೆ ನುಗ್ಗಿದರೂ ಕೈಮುಗಿದು ಅಟ್ಟಬೇಕೇ ಹೊರತು ಹೊಡೆಯುವಂತಿಲ್ಲ. ಜೂಲು ಹೊದಿಸಿ, ಕೊಂಬಿಗೆ ಬಣ್ಣ ಹಚ್ಚಿ, ಮನೆಮನೆಯ ಮುಂದೆ ತಲೆಯಾಡಿಸುತ್ತ ಬರುವುದು ಕೋಲೆ ಬಸವ. ಕೇಳಿದ್ದಕ್ಕೆಲ್ಲ ಹೂಂಗುಟ್ಟುವ ಮನುಷ್ಯನಿಗೂ ಅದೇ ಬಿರುದು ಅಂಟಿದೆ. ಒಬ್ಬರನ್ನು ಬಿಡದೆ ಹಿಂಬಾಲಿಸುವವರಿಗೆ ‘ಬಸವನ ಹಿಂದೆ ಬಾಲ’ ಎನ್ನುತ್ತೇವೆ. ಮಳೆಗಾಲದಲ್ಲಿ ಎರಡು ಕೊಂಬು ಚಾಚಿಕೊಂಡು ತೆವಳುವ ಹುಳುವಿಗೆ ‘ಬಸವನಹುಳು’ ಎಂದು ಹೆಸರಿಟ್ಟ ಕಣ್ಣು ಎಂಥ ಕಣ್ಣಿರಬೇಕು! ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಅಮಾವಾಸ್ಯೆಯಂದು, ಅಂದರೆ ಮಣ್ಣೆತ್ತಿನ ಅಮಾವಾಸ್ಯೆಗೆ, ಕೆರೆಯ ಮಣ್ಣಿನಲ್ಲಿ ಜೋಡಿ ಬಸವಣ್ಣನನ್ನು ಮಾಡಿ ಜಗುಲಿಯ ಮೇಲಿಟ್ಟು ಪೂಜಿಸುತ್ತಾರೆ. ಬೆಂಗಳೂರಿನ ದೊಡ್ಡ ಬಸವಣ್ಣನ ಗುಡಿಯಿಂದ ಬಸವನಗುಡಿ ಎಂಬ ಬಡಾವಣೆಗೇ ಹೆಸರಾಯಿತು. ಅಲ್ಲಿ ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯೂ, ರಾತ್ರಿ ಹೊಲ ಮೇಯುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ರೈತರು ಹೊಸ ಬೆಳೆಯನ್ನು ಒಪ್ಪಿಸಿದರೆಂಬ ಕಥೆಯ ಮೇಲೆಯೇ ನಿಂತಿದೆ.

ಇಂಥ ಹಟ್ಟಿಯ ಮಾತು, ಹೊಲದ ಮಾತು, ಮನುಷ್ಯನ ಹೆಸರಾಗಿ ನಾಡನ್ನೇ ತುಂಬಿಕೊಂಡಿತಲ್ಲ, ಅದು ಹೇಗೆ?

ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. 12ನೆಯ ಶತಮಾನದಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರಿಗೆ ಹುಟ್ಟಿದ ಮಗನಿಗೆ ಬಸವನೆಂದು ಹೆಸರಿಟ್ಟರು. ತಾಯಿ ನಂದಿಯ ವ್ರತ ಹಿಡಿದಿದ್ದಳು, ನಂದಿಯೇ ಆಕೆಯ ಬಸಿರಲ್ಲಿ ಬಂದ, ಅದಕ್ಕೇ ಆ ಹೆಸರು ಎಂಬುದು ಪುರಾಣಗಳ ವಿವರಣೆ. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನ ದ್ವಿಪದಿಯಲ್ಲಿ ಬರೆದ ‘ಬಸವಪುರಾಣ’, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಕನ್ನಡದ ಷಟ್ಪದಿಯಲ್ಲಿ ಬರೆದ ‘ಬಸವಪುರಾಣ’ ಇವೆರಡೂ ಬಸವಣ್ಣನವರನ್ನು ನಂದಿಯ ಅವತಾರವೆಂದೇ ಕಾಣುತ್ತವೆ. ಪುರಾಣದ ಮಾತು ಹಾಗಿರಲಿ, ಶೈವ ಮನೆಯಲ್ಲಿ ಹರಕೆಯ ದೇವರ ಹೆಸರನ್ನು ಕೂಸಿಗೆ ಇಡುವುದು ಇಂದಿಗೂ ನಡೆದುಬಂದ ರೂಢಿ. ಇದರಲ್ಲಿ ಅಸಂಭವವಾದದ್ದೇನೂ ಇಲ್ಲ.

ಇಲ್ಲಿ ಒಂದು ಸ್ವಾರಸ್ಯವುಂಟು. ಬಸವಣ್ಣನವರು ಭಂಡಾರಿಯಾಗಿ ಸೇವೆ ಸಲ್ಲಿಸಿದ ಕಲ್ಯಾಣದ ಕಳಚೂರಿ ಅರಸರ ಬಿರುದುಗಳಲ್ಲಿ ‘ಸುವರ್ಣವೃಷಭಧ್ವಜ’ ಎಂಬುದೂ ಒಂದು. ಅರಸ ಬಿಜ್ಜಳನ ಬಾವುಟದ ಮೇಲೆ ಚಿನ್ನದ ವೃಷಭ. ಅವನ ಭಂಡಾರದಲ್ಲಿ ಬಸವ. ಪ್ರಾಣಿ ಒಂದೇ. ಅರಮನೆಯ ಪ್ರಶಸ್ತಿಯಲ್ಲಿ ಸಂಸ್ಕೃತದ ಉಡುಪು, ತಾಯಿಯ ಬಾಯಲ್ಲಿ ಕನ್ನಡದ ಉಡುಪು. ಕಳಚೂರಿಗಳ ಆ ಬಾವುಟ ಕಲ್ಯಾಣದಲ್ಲಿ ಕೆಲವೇ ದಶಕ ಹಾರಿ ಇಳಿದುಹೋಯಿತು. ಕಲ್ಯಾಣವೇ ಇಂದು ಬಸವಕಲ್ಯಾಣವೆನಿಸಿಕೊಂಡಿದೆ.

ಬಸವಣ್ಣನವರ ಸಂಗಡಿಗರು ಈ ಹೆಸರನ್ನು ಕೂಗಿದ ರೀತಿಯನ್ನೂ ಗಮನಿಸಬೇಕು. ಅರಸನ ಭಂಡಾರಿ ಅವರ ಪಾಲಿಗೆ ‘ಅಣ್ಣ’. ಬಸವ ಎಂಬುದಕ್ಕೆ ಅಣ್ಣ ಸೇರಿ ಬಸವಣ್ಣ. ಪದವಿಯ ಮಾತಲ್ಲ, ಮನೆಯ ಮಾತು. ಮಹಾದೇವಿ ಅಕ್ಕನಾದದ್ದೂ ಇದೇ ರೀತಿ. ಬ, ಸ, ವ ಎಂಬ ಮೂರು ಅಕ್ಷರಗಳನ್ನು ಬಿಡಿಸಿ ಒಂದೊಂದಕ್ಕೂ ಒಂದೊಂದು ಅರ್ಥ ಕಂಡ ವಚನಗಳೂ ಇವೆ. ಅಂದರೆ ಆ ತಲೆಮಾರಿನಲ್ಲಿಯೇ ಇದು ಬರಿಯ ಹೆಸರಾಗಿ ಉಳಿಯದೆ ಮಂತ್ರದಂತೆ ಆಗತೊಡಗಿತ್ತು. ಕಲ್ಲಿನ ಸಾಕ್ಷಿಯೂ ಬಹಳ ತಡವಾಗಿ ಬರಲಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ, ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನನ್ನು ಹೆಸರಿಸುತ್ತದೆ. ಸಂಗನಬಸವನೆಂಬ ಹೆಸರೂ ಅದರಲ್ಲಿದೆ. ಇಂದು ನಮ್ಮ ಹುಡುಗರ ಹಾಜರಿ ಪಟ್ಟಿಯಲ್ಲಿರುವ ‘ಬಸವರಾಜ’ ಎಂಬ ರೂಪ ಏಳೂವರೆ ಶತಮಾನಗಳ ಹಿಂದೆಯೇ ಕಲ್ಲಿನ ಮೇಲೆ ಕೂತಿದೆಯೆಂದು ಎಷ್ಟು ಜನರಿಗೆ ಗೊತ್ತು?

ಅಲ್ಲಿಂದ ಮುಂದೆ ಈ ಹೆಸರು ಆಲದಂತೆ ಬಿಳಲು ಬಿಟ್ಟಿತು. ಬಸಪ್ಪ, ಬಸಣ್ಣ, ಬಸಯ್ಯ, ಬಸಲಿಂಗಪ್ಪ ಮುಂತಾದವು ಒಂದು ಬಗೆ. ಮುಂದೆ ಒಂದು ಮಾತು ಕೂಡಿಸಿಕೊಂಡ ಚೆನ್ನಬಸವ, ಗುರುಬಸವ, ವೀರಬಸವ, ಸಂಗನಬಸವ ಇನ್ನೊಂದು ಬಗೆ. ಇವುಗಳಲ್ಲಿ ಚೆನ್ನಬಸವ ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಮಗನ ಹೆಸರು. ಕಲಬುರಗಿ ಸೀಮೆಯಲ್ಲಿ ಎಲ್ಲಿ ನೋಡಿದರೂ ಶರಣಬಸಪ್ಪಗಳು ಸಿಗುವುದು 18-19ನೆಯ ಶತಮಾನಗಳಲ್ಲಿ ಬಾಳಿದ ಶರಣಬಸವೇಶ್ವರರ ಪ್ರಭಾವದಿಂದ. ಹೆಣ್ಣುಮಕ್ಕಳಿಗೆ ಬಸಮ್ಮ, ಬಸವ್ವ, ಚೆನ್ನಬಸವ್ವ. ಅಷ್ಟೇ ಏಕೆ, ಬಸವನ ಸುಳಿವೇ ಇಲ್ಲದಂತೆ ತೋರುವ ಹೆಸರುಗಳಲ್ಲಿಯೂ ಅವನಿದ್ದಾನೆ. ಕೊಟ್ರಪ್ಪ, ಕೊಟ್ರೇಶ ಎಂಬವರು ಕೊಟ್ಟೂರಿನ ಗುರುಬಸವೇಶ್ವರನ ಹೆಸರಿನವರು. ಸಂಗಪ್ಪ, ಸಂಗಮೇಶ, ಸಂಗಮ್ಮ ಎಂಬವರು ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮದ ದೇವರ ಹೆಸರಿನವರು. ಅದು ಬಸವಣ್ಣನವರ ವಚನಗಳ ಅಂಕಿತವೂ ಹೌದು.

ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಸಂಗತಿ ಬೇರೆ. ಕನ್ನಡದ ಹೆಸರು ಸ್ವಲ್ಪ ದೊಡ್ಡ ಮನುಷ್ಯನದಾದರೆ ಸಾಕು, ಪಂಡಿತರು ಅದನ್ನು ಸಂಸ್ಕೃತಕ್ಕೆ ತಿರುಗಿಸುವುದು ನಮ್ಮಲ್ಲಿ ವಾಡಿಕೆ. ಊರುಗಳ ಹೆಸರುಗಳಿಗೂ ದೇವರುಗಳ ಹೆಸರುಗಳಿಗೂ ಆ ಪಾಡು ಬಂದಿದೆ. ಬಸವ ಎಂಬ ಹೆಸರು ಮಾತ್ರ ಮಣಿಯಲಿಲ್ಲ. ಬಸವರಾಜನನ್ನು ವೃಷಭರಾಜನೆಂದು ರೂಢಿಯಲ್ಲಿ ಯಾರೂ ಕರೆಯಲಿಲ್ಲ; ಬದಲು ಸಂಸ್ಕೃತವೇ ಬಸವನನ್ನು ಇದ್ದ ಹಾಗೆ ಒಳಗೆ ಕರೆದುಕೊಂಡಿತು. ಕೆಳದಿಯ ಅರಸ ಬಸವಪ್ಪ ನಾಯಕ 18ನೆಯ ಶತಮಾನದ ಮೊದಲಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ವಿಶ್ವಕೋಶದಂಥ ಗ್ರಂಥವನ್ನು ಬರೆದದ್ದು ಸಂಸ್ಕೃತದಲ್ಲಿ. ಅಲ್ಲಿಯೂ ಅವನು ಬಸವಭೂಪಾಲನೇ. ಆಂಧ್ರದ ಕಡೆಯ ವೈದ್ಯಪಂಡಿತ ಬಸವರಾಜು ರಚಿಸಿದ ಆಯುರ್ವೇದ ಗ್ರಂಥಕ್ಕೆ ‘ಬಸವರಾಜೀಯ’ ಎಂದು ಹೆಸರು. ಪಂಡಿತರ ಕಪಾಟಿನಲ್ಲಿಯೂ ತದ್ಭವ ತದ್ಭವವಾಗಿಯೇ ಉಳಿದ ಉದಾಹರಣೆ ಇದಕ್ಕಿಂತ ಬೇಕೆ? ಮೈಸೂರು ಆಸ್ಥಾನದಲ್ಲಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡವರ ಹೆಸರೂ ಬಸವಪ್ಪಶಾಸ್ತ್ರಿ.

ಬಸವ ಎಂಬುದು ಒಂದೇ ಮತದ, ಒಂದೇ ಜಾತಿಯ ಹೆಸರೆಂದು ಈ ಕಡೆಯ ನಮ್ಮವರಲ್ಲಿಯೂ ಕೆಲವರು ತಿಳಿದಿದ್ದಾರೆ. ಲಿಂಗಾಯತ ಮನೆಗಳಲ್ಲಿ ಅದು ಹೆಚ್ಚೆಂಬುದು ನಿರ್ವಿವಾದ. ಆದರೆ ಹಳೆಯ ಮೈಸೂರಿನ ಕಡೆ ಬಸವೇಗೌಡರಿದ್ದಾರೆ, ದಲಿತ ಕೇರಿಗಳಲ್ಲಿ ಬಸವಯ್ಯ, ಬಸವಲಿಂಗಯ್ಯಗಳಿದ್ದಾರೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದು, ತಲೆಯ ಮೇಲೆ ಮಲ ಹೊರುವ ಅನಿಷ್ಟವನ್ನು ನಿಲ್ಲಿಸಲು ಹೊರಟ ಬಿ. ಬಸವಲಿಂಗಪ್ಪನವರು ದಲಿತ ನಾಯಕರು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿ ನಾಡನ್ನೆಲ್ಲ ಅಲ್ಲಾಡಿಸಿದವರೂ ಅವರೇ. ದನದ ಮೇವಿನ ಮಾತು ಬಸವನ ಹೆಸರಿನವರ ಬಾಯಿಂದಲೇ ಬಂದದ್ದು ಕಾಕತಾಳೀಯವಿರಬಹುದು! ತೆಲುಗು ನಾಡಿಗೆ ಹೋದರೆ ಅಲ್ಲಿಯೂ ಬಸವಯ್ಯ, ಬಸವರಾಜುಗಳಿದ್ದಾರೆ; ಕಮ್ಯೂನಿಸ್ಟ್ ನಾಯಕ ಮಾಕಿನೇನಿ ಬಸವಪುನ್ನಯ್ಯ ಅಂಥವರಲ್ಲೊಬ್ಬರು. ಹೈದರಾಬಾದಿನ ಕನ್ನಡಿಗರಿಗೆ ಪರಿಚಿತವಾದ ಬಸವತಾರಕಂ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಎನ್. ಟಿ. ರಾಮರಾಯರ ಪತ್ನಿಯದು.

ಇಷ್ಟೆಲ್ಲ ಹೇಳಿ ಕಪ್ಪು ಪುಟವೊಂದನ್ನು ಮುಚ್ಚಿಡುವುದು ಸರಿಯಲ್ಲ. ಇದೇ ಹೆಸರಿನ ಸ್ತ್ರೀರೂಪ ‘ಬಸವಿ’. ದೇವರಿಗೆ ಗೂಳಿಯನ್ನು ಬಿಟ್ಟಂತೆ ಹೆಣ್ಣುಮಗುವನ್ನು ‘ಬಿಡುವ’ ಕ್ರೂರ ಪದ್ಧತಿಗೆ ಆ ಮಾತು ಗುರುತಾಯಿತು. ಬಿಟ್ಟ ಬಸವ ಊರ ಬೆಳೆ ಮೇಯುತ್ತಿತ್ತು. ಬಿಟ್ಟ ಹುಡುಗಿಯನ್ನು ಊರೇ ಮೇಯುತ್ತಿತ್ತು. 1947ರ ಮದರಾಸು ಕಾಯಿದೆ, 1982ರ ಕರ್ನಾಟಕ ಕಾಯಿದೆ ಇದನ್ನು ಅಪರಾಧವೆಂದು ಸಾರಿದವು. ನಮ್ಮ ಮನೆಗಳಲ್ಲಿ ಬಸವ್ವ, ಬಸಮ್ಮ ಎಂದು ಅವ್ವ ಅಮ್ಮಗಳನ್ನು ಕೂಡಿಸಿಯೇ ಹೆಣ್ಣುಮಕ್ಕಳನ್ನು ಕರೆಯುವುದು ಆ ಮಾತಿನ ನೆರಳು ಸಹ ತಾಗದಿರಲಿ ಎಂಬಂತಿದೆ.

20ನೆಯ ಶತಮಾನದಲ್ಲಿ ಹೆಸರಿಗೆ ಮತ್ತೆ ಹೊಸ ಹುರುಪು ಬಂತು. 1913ರಲ್ಲಿ ಹರ್ಡೇಕರ ಮಂಜಪ್ಪನವರೂ ಮೃತ್ಯುಂಜಯಪ್ಪಗಳೂ ದಾವಣಗೆರೆಯಲ್ಲಿ ಸಾರ್ವಜನಿಕ ಬಸವ ಜಯಂತಿಯನ್ನು ಆರಂಭಿಸಿದರು. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಪುರಾಣದ ನಂದಿಯಾಗಿದ್ದ ಬಸವಣ್ಣ, ಆಮೇಲೆ ಜಾತಿಯನ್ನು ಪ್ರಶ್ನಿಸಿದ, ಕಾಯಕವನ್ನು ಎತ್ತಿಹಿಡಿದ ಮನುಷ್ಯನಾಗಿ ಓದು ಬಲ್ಲವರ ಮುಂದೆ ನಿಂತರು. ಮಗುವಿಗೆ ಬಸವರಾಜನೆಂದು ಹೆಸರಿಡುವಾಗ ಅಜ್ಜಿಯ ಮನಸ್ಸಿನಲ್ಲಿ ನಂದಿ ಇದ್ದರೆ, ಕಲಿತ ತಂದೆಯ ಮನಸ್ಸಿನಲ್ಲಿ ವಚನಕಾರರಿರಲು ಸಾಧ್ಯವಾಯಿತು. ಒಂದೇ ಹೆಸರಿನಲ್ಲಿ ಇಬ್ಬರಿಗೂ ಸಮಾಧಾನ. ಕಾದಂಬರಿಕಾರ ಬಸವರಾಜ ಕಟ್ಟೀಮನಿ, ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಮುಂತಾದವರು ಈ ಕಾಲದ ಕೂಸುಗಳೇ. ಜಮಖಂಡಿ ಸೀಮೆಯಲ್ಲಿ 1912ರಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು ಮೈಸೂರಿನ ಮುಖ್ಯಮಂತ್ರಿಯಾಗಿ, 1974ರಲ್ಲಿ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿ ದಿಲ್ಲಿಯಲ್ಲಿದ್ದರು. ಬಸಪ್ಪ ಎಂಬ ಹಳ್ಳಿಯ ಹೆಸರು ರಾಷ್ಟ್ರಪತಿ ಭವನದ ಬಾಗಿಲಲ್ಲಿ ತಡವರಿಸಲಿಲ್ಲ. 1967ರ ಅಂಚೆಚೀಟಿ, 2003ರಲ್ಲಿ ಸಂಸತ್ತಿನ ಆವರಣದಲ್ಲಿ ನಿಂತ ಪ್ರತಿಮೆ, 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಅನಾವರಣಗೊಂಡ ಪುತ್ಥಳಿ, 2024ರಲ್ಲಿ ಕರ್ನಾಟಕ ಸರ್ಕಾರ ಘೋಷಿಸಿದ ಸಾಂಸ್ಕೃತಿಕ ನಾಯಕನೆಂಬ ಗೌರವ ಇವೆಲ್ಲ ವಾಚಕರಿಗೆ ತಿಳಿದವೇ.

ಪ್ರತಿಮೆ ನಿಲ್ಲಿಸುವ ಉತ್ಸಾಹ ತೊಟ್ಟಿಲಿನ ಬಳಿ ಏಕೆ ಕುಂದುತ್ತದೆ? ಕಾರಣಗಳು ಸಣ್ಣವು, ಆದರೆ ಮಕ್ಕಳ ಪಾಲಿಗೆ ಸಣ್ಣವಲ್ಲ. ಮುಂಬಯಿ ಪುಣೆಗಳ ಶಾಲೆಯಲ್ಲಿ ‘ಬಸ್’ ಎಂದರೆ ಮರಾಠಿಯಲ್ಲಿ ‘ಕೂತುಕೋ’. ‘ಬಸವ’ ಎಂದರೆ ‘ಕೂಡಿಸು’. ಮಾಸ್ತರರು ಹಾಜರಿ ಹಿಡಿದು ಬಸವರಾಜ ಎಂದೊಡನೆ ಹಿಂದಿನ ಬೆಂಚಿನಿಂದ ‘ಯಾರನ್ನು ಕೂಡಿಸಬೇಕು ಸರ್?’ ಎಂಬ ತಮಾಷೆ ಎಷ್ಟು ತಲೆಮಾರುಗಳಿಂದ ನಡೆದಿದೆಯೋ! ಹಿಂದಿಯಲ್ಲಿ ‘ಬಸ್’ ಎಂದರೆ ‘ಸಾಕು’. ರಸ್ತೆಯ ಮೇಲೆ ಓಡುವ ಬಸ್ಸು ಬೇರೆ ಇದೆ. ಹೀಗಾಗಿ ಬಸವರಾಜ ಕಚೇರಿಗೆ ಬರುವ ಹೊತ್ತಿಗೆ ಬರಿಯ ‘ರಾಜ್’ ಆಗಿರುತ್ತಾನೆ. ‘ಬಸು’ ಎಂದು ಉಳಿಸಿಕೊಂಡವನನ್ನು ಜನ ಬಂಗಾಲಿಯೆಂದು ತಿಳಿಯುತ್ತಾರೆ. ಬಂಗಾಲಿಗಳ ಬಸು ‘ವಸು’ವಿನಿಂದ ಬಂದದ್ದು; ‘ವ’ಕಾರವನ್ನು ‘ಬ’ಕಾರ ಮಾಡುವ ಚಾಳಿ ಅವರಿಗೂ ಉಂಟು, ಆದರೆ ಅವರು ಅದಕ್ಕೆ ನಾಚಿದ್ದನ್ನು ನಾವು ಕಂಡಿಲ್ಲ.

ಇದರ ಬದಲು ನಮ್ಮವರು ಆರಿಸಿಕೊಳ್ಳುವ ಹೆಸರುಗಳಲ್ಲಿ ‘ರಿಷಭ್’ ಒಂದು. ಉತ್ತರದಲ್ಲಿ ಬಹಳ ಚಾಲ್ತಿಯ ಹೆಸರು, ಕ್ರಿಕೆಟ್ಟಿನಲ್ಲಿಯೂ ಸಿನಿಮಾದಲ್ಲಿಯೂ ಕೇಳುವ ಹೆಸರು. ಅದೂ ಒಳ್ಳೆಯ ಹೆಸರೇ. ಜೈನರ ಮೊದಲ ತೀರ್ಥಂಕರನನ್ನು ಋಷಭ ಎಂದೂ ವೃಷಭ ಎಂದೂ ಕರೆಯುತ್ತಾರೆ. ಅವನ ಲಾಂಛನ ಎತ್ತು. ಅವನ ಕಥೆಯನ್ನೇ ಪಂಪ 941ರಲ್ಲಿ ‘ಆದಿಪುರಾಣ’ವಾಗಿ ಕನ್ನಡಕ್ಕೆ ಕೊಟ್ಟ. ಆದರೆ ಋಷಭ ಎಂದರೂ ಗೂಳಿಯೇ ಎಂಬುದು ಹೆಸರಿಡುವವರಲ್ಲಿ ಎಷ್ಟೋ ಮಂದಿಗೆ ತಿಳಿದಂತಿಲ್ಲ. ‘ಎತ್ತಿನ ಹೆಸರು ಬೇಡ’ ಎಂದು ಬಸವನನ್ನು ಬಿಟ್ಟವರು ಪೇಟೆಗೆ ಹೋಗಿ ಇನ್ನೊಂದು ಎತ್ತನ್ನೇ ಹಿಡಿದು ತಂದಂತಾಯಿತು! ಸಿಂಹಳದ ಅನುರಾಧಪುರದಲ್ಲಿ ಕ್ರಿಸ್ತಶಕ 1ನೆಯ ಶತಮಾನದ ಕೊನೆ, 2ನೆಯ ಶತಮಾನದ ಮೊದಲಲ್ಲಿ ವಸಭನೆಂಬ ರಾಜ ಆಳಿದ. ಅವನೂ ಈ ವೃಷಭನ ಬಳಗದವನೇ. ಪಾಲಿಯ ದಾರಿಯಲ್ಲಿ ಹೋಗಿ ಅಲ್ಲಿ ವಸಭನಾದವನು ಪ್ರಾಕೃತದ ದಾರಿಯಲ್ಲಿ ಬಂದು ಇಲ್ಲಿ ಬಸವನಾದ. ಒಂದು ಪ್ರಾಣಿಯ ಹೆಸರಿಗೆ ಎರಡು ಸಾವಿರ ವರ್ಷಗಳಿಂದ ಅರಸರೂ ತೀರ್ಥಂಕರರೂ ಶರಣರೂ ಹೇಸಲಿಲ್ಲ.

ಊರಿನ ಕಡೆಯೂ ಬರಿಯ ಬಸಪ್ಪ, ಬಸಣ್ಣಗಳು ಹೊಸ ತೊಟ್ಟಿಲುಗಳಲ್ಲಿ ವಿರಳವಾಗುತ್ತಿರುವುದು ಸುಳ್ಳಲ್ಲ. ಬಸವಪ್ರಭು, ಬಸವಶ್ರೀ ಎಂದು ಹೊಸ ಮಾತು ಕೂಡಿಸಿ ಹೆಸರನ್ನು ಉಳಿಸಿಕೊಂಡವರಿದ್ದಾರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ತೊಟ್ಟಿಲಲ್ಲಿ ಕಿವಿಗೆ ಊದಿದ ಹೆಸರು ಇನ್ನೊಂದು ಎಂದು ಹೊಂದಾಣಿಕೆ ಮಾಡಿಕೊಂಡವರು ಹೊರನಾಡಿನಲ್ಲಿ ಇನ್ನೂ ಹೆಚ್ಚು.

ಇದೂ ತೀರ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಮಾವನ ಹೆಸರನ್ನು ಸೊಸೆ ಬಾಯಿ ಬಿಟ್ಟು ಹೇಳಬಾರದೆಂಬುದು ಇನ್ನೊಂದು ರೂಢಿ. ತೀರಿಹೋದ ಮಾವ ಬಸಪ್ಪನ ಹೆಸರನ್ನು ಹೊತ್ತ ಮಗನನ್ನು ಹೆತ್ತ ತಾಯಿ ಬಸಪ್ಪ ಎಂದು ಕೂಗುವಂತಿಲ್ಲ, ಬೈಯುವುದಂತೂ ದೂರ ಉಳಿಯಿತು. ಹಾಗಾಗಿ ಕಾಗದದಲ್ಲಿ ಬಸವರಾಜನಾದ ಕೂಸು ಮನೆಯಲ್ಲಿ ‘ಅಪ್ಪು’ ಆಗುತ್ತಿತ್ತು, ‘ಮುತ್ತ್ಯಾ’ ಆಗುತ್ತಿತ್ತು. ‘ಏ ಅಜ್ಜಾ, ಊಟಕ್ಕ ಬಾ’ ಎಂದು ಎರಡು ವರ್ಷದ ಮಗನನ್ನು ಕರೆಯುವ ತಾಯಂದಿರನ್ನು ನಾವು ಕಲಬುರಗಿ, ವಿಜಯಪುರಗಳ ಕಡೆ ಎಷ್ಟೋ ಸಲ ಕಂಡಿದ್ದೇವೆ.